ಓದುಗರ ಪ್ರಶ್ನೆ: ಲಿವ್ ಎನ್ನಬೇಕೋ, ಲೈವ್ ಎನ್ನಬೇಕೋ?

ಎಲ್, ಐ, ವಿ, ಇ ಎಂಬ ನಾಲ್ಕು ಅಕ್ಷರಗಳ ಇಂಗ್ಲಿಷ್ ಪದದ ಬಗ್ಗೆ ಮಲೆನಾಡಿನ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಕೊಟ್ಟಿದ್ದೇವೆ.

ಮಗಳ ಪಾಠದಲ್ಲಿ ಈ ಪದ ಒಂದು ಕಡೆ ‘ಲಿವ್’, ಇನ್ನೊಂದು ಕಡೆ ‘ಲೈವ್’. ಕಾಗುಣಿತ ಒಂದೇ. ಗುರುತು ಹಿಡಿಯುವುದು ಹೇಗೆ? (ತೀರ್ಥಹಳ್ಳಿ)

ವಾಕ್ಯದಲ್ಲಿ ಅದು ಮಾಡುತ್ತಿರುವ ಕೆಲಸ ನೋಡಿ. ಕ್ರಿಯಾಪದವಾಗಿದ್ದರೆ ಲಿವ್: ‘ವಿ ಲಿವ್ ಇನ್ ತೀರ್ಥಹಳ್ಳಿ’. ನಾಮಪದದ ಮುಂದೆ ವಿಶೇಷಣವಾಗಿ ಬಂದರೆ ಲೈವ್: ಲೈವ್ ಫಿಶ್, ಲೈವ್ ವೈರ್. ಪಂದ್ಯವನ್ನು ನೇರವಾಗಿ ತೋರಿಸಿದರು ಎನ್ನುವಾಗಲೂ ‘ಶೋನ್ ಲೈವ್’. ಕೊನೆಗೆ ಎಸ್ ಸೇರಿದಾಗ ಇನ್ನೊಂದು ತೊಡಕು ಇದೆ. ‘ಶಿ ಲಿವ್ಸ್ ಹಿಯರ್’ ಎಂಬುದು ಕ್ರಿಯಾಪದ. ಲೈಫ್ ಎಂಬುದರ ಬಹುವಚನವಾದರೆ ಅದೇ ಅಕ್ಷರಗಳನ್ನು ಲೈವ್ಸ್ ಎನ್ನಬೇಕು. ಲೈವ್ಲಿ, ಲೈವ್ಲಿಹುಡ್, ಲೈವ್‌ಸ್ಟಾಕ್ ಇವೆಲ್ಲ ‘ಲೈ’ ಗುಂಪಿನವು. ಲಿವಿಂಗ್, ಲಿವಬಲ್ ‘ಲಿ’ ಗುಂಪಿನವು.

ಇಕಾರ ಹ್ರಸ್ವವಾಗಿರಲಿ. ‘ಲೀವ್’ ಎಂದು ಎಳೆದರೆ ‘ಬಿಟ್ಟು ಹೋಗು’ ಎಂಬ ಬೇರೆಯೇ ಪದವಾಗುತ್ತದೆ.

ಹೊಸಬರನ್ನು ‘ವೇರ್ ಡು ಯು ಸ್ಟೇ?’ ಎಂದು ಕೇಳುತ್ತೇವೆ. ತಪ್ಪೇ? (ಸಾಗರ)

ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇಂಗ್ಲೆಂಡ್, ಅಮೆರಿಕದವರಿಗೆ ಸಾಮಾನ್ಯವಾಗಿ ಸ್ಟೇ ಎಂದರೆ ನಾಲ್ಕು ದಿನ ಉಳಿದುಕೊಳ್ಳುವುದು, ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ. ಕಾಯಂ ಮನೆಯ ಬಗ್ಗೆ ಕೇಳುವುದಾದರೆ ‘ವೇರ್ ಡು ಯು ಲಿವ್?’ ಎನ್ನಿ.

ಇದಕ್ಕಿಂತ ಹೆಚ್ಚು ಎಡವುವುದು ಕಾಲದ ವಿಷಯದಲ್ಲಿ. ‘ಹತ್ತು ವರ್ಷದಿಂದ ಸಾಗರದಲ್ಲಿದ್ದೇನೆ’ ಎಂಬುದನ್ನು ‘ಐ ಆಮ್ ಲಿವಿಂಗ್ ಇನ್ ಸಾಗರ ಸಿನ್ಸ್ ಟೆನ್ ಇಯರ್ಸ್’ ಎನ್ನುವುದು ಕನ್ನಡದ ‘ಇಂದ’ದ ಪ್ರಭಾವ. ಸರಿಯಾದದ್ದು ‘ಐ ಹ್ಯಾವ್ ಲಿವ್ಡ್ ಇನ್ ಸಾಗರ ಫಾರ್ ಟೆನ್ ಇಯರ್ಸ್’. ಅವಧಿಗೆ ಫಾರ್, ಶುರುವಾದ ವರ್ಷಕ್ಕೆ ಸಿನ್ಸ್: ‘ಸಿನ್ಸ್ 2015’. ಈ ‘ಹ್ಯಾವ್’ ಬಿಟ್ಟು ‘ಐ ಲಿವ್ಡ್’ ಎಂದರೆ ಈಗ ನೀವು ಅಲ್ಲಿಲ್ಲ ಎಂದಾಯಿತು. ಅರ್ಜಿ ಬರೆಯುವಾಗ, ಸಂದರ್ಶನಕ್ಕೆ ಹೋಗುವಾಗ ಇದು ಮುಖ್ಯ.

‘ಲೈವ್ ವೈರ್’ ಎಂದರೆ ಕರೆಂಟ್ ಇರುವ ತಂತಿ ಎಂದು ಗೊತ್ತು. ಸ್ವಿಚ್ ಆಫ್ ಮಾಡಿದ ಮೇಲೂ ಹೋಲ್ಡರ್ ಶಾಕ್ ಕೊಡುವುದೇಕೆ? (ಹೊಸನಗರ)

ಸ್ವಿಚ್ಚನ್ನು ತಪ್ಪು ತಂತಿಗೆ ಹಾಕಿರುತ್ತಾರೆ. ಮನೆಗೆ ಬರುವ 230 ವೋಲ್ಟ್ ಇರುವುದು ಲೈವ್‌ನಲ್ಲಿ. ನಮ್ಮ ವೈರ್‌ಮನ್‌ಗಳು ಅದನ್ನು ಫೇಸ್ ಎನ್ನುತ್ತಾರೆ. ಸ್ವಿಚ್ ಕಡಿಯಬೇಕಾದದ್ದು ಅದನ್ನೇ. ಕರೆಂಟ್ ಮರಳಿ ಹೋಗುವ ತಂತಿಯಾದ ನ್ಯೂಟ್ರಲ್ಲನ್ನು ಕಡಿದರೂ ಬಲ್ಬ್ ಆರುತ್ತದೆ, ಹಾಗಾಗಿ ತಪ್ಪು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಆದರೆ ಹೋಲ್ಡರ್‌ವರೆಗೆ ಲೈವ್ ಬಂದು ನಿಂತೇ ಇರುತ್ತದೆ. ಆಷಾಢದ ಥಂಡಿಗೆ ಒದ್ದೆಯಾದ ನೆಲದಲ್ಲಿ ಬರಿಗಾಲಲ್ಲಿ ನಿಂತು ಮುಟ್ಟಿದರೆ ಕರೆಂಟ್ ನಮ್ಮ ಮೈಮೂಲಕ ಭೂಮಿಗೆ ಇಳಿಯುತ್ತದೆ.

ಬಣ್ಣ ನಂಬಬೇಡಿ. ಹಳೆಯ ಮನೆಗಳಲ್ಲಿ ಕೆಂಪು ಲೈವ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಮೂರು ಫೇಸಿನ ಮೋಟಾರ್ ಲೈನಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಲೈವ್. ಈಚಿನ ಕೆಲವು ಉಪಕರಣಗಳ ಕೇಬಲ್‌ನಲ್ಲಿ ಕಂದು ಲೈವ್, ನೀಲಿ ನ್ಯೂಟ್ರಲ್. ಒಂದೇ ನೀಲಿ ತೋಟದ ಪಂಪಿನಲ್ಲಿ ಪ್ರಾಣ ತೆಗೆಯಬಲ್ಲದು, ಮಿಕ್ಸಿಯ ವೈರಿನಲ್ಲಿ ನ್ಯೂಟ್ರಲ್ ಆಗಿರುತ್ತದೆ. ಟೆಸ್ಟರ್ ಹಿಡಿಯುವ ಮೊದಲು ಕರೆಂಟ್ ಇರುವುದು ಖಚಿತವಾದ ಒಂದು ಪ್ಲಗ್ಗಿನಲ್ಲಿ ಅದು ಹೊತ್ತುತ್ತದೆಯೇ ನೋಡಿ. ದಪ್ಪ ರಬ್ಬರ್ ಚಪ್ಪಲಿ ಹಾಕಿಕೊಂಡರೆ ದೀಪ ಮಂಕಾಗಿ ಮೋಸ ಮಾಡುವುದೂ ಉಂಟು. ರಿಪೇರಿಗೆ ಕೈ ಹಾಕುವಾಗ ಮೇನ್ ಸ್ವಿಚ್ಚನ್ನೇ ಇಳಿಸಿ. ಕರೆಂಟ್ ಸೋರಿದ ಕೂಡಲೇ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದು ಮಳೆನಾಡಿನ ಮನೆಗೆ ದುಂದುಗಾರಿಕೆಯಲ್ಲ.

ಅಡಿಕೆ ಕೊಯ್ಯುವವರಿಗೆ ಒಂದು ಮಾತು: ಅಲ್ಯೂಮಿನಿಯಂ ದೋಟಿಯಂತೆ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ಹಗುರ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ತೋಟದ ಮೇಲೆ ಲೈನ್ ಇದ್ದರೆ ಈ ಎರಡೂ ದೋಟಿ ಬಳಸಲೇಬೇಡಿ. ಮರ ಬಿದ್ದು ತಂತಿ ನೆಲಕ್ಕೆ ಬಂದಿದ್ದರೆ ಅದು ಲೈವ್ ಎಂದೇ ತಿಳಿಯಿರಿ, ಕೋಲಿನಿಂದ ಸರಿಸಬೇಡಿ. ತೀರಾ ಹತ್ತಿರ ಹೋಗಿಬಿಟ್ಟಿದ್ದರೆ ಎರಡು ಪಾದ ಜೋಡಿಸಿ, ಎತ್ತದೆ, ಇಂಚಿಂಚಾಗಿ ಉಜ್ಜುತ್ತಾ ದೂರ ಸರಿಯಿರಿ. ಉದ್ದ ಹೆಜ್ಜೆ ಹಾಕಿದರೆ ಒಂದು ಕಾಲಿಗೂ ಇನ್ನೊಂದಕ್ಕೂ ನಡುವೆ ವೋಲ್ಟೇಜ್ ವ್ಯತ್ಯಾಸ ಹೆಚ್ಚಾಗಿ ಮೈಯಲ್ಲಿ ಕರೆಂಟ್ ಹರಿಯುತ್ತದೆ. ದೂರು ಕೊಡಲು 1912.

ಚಟಪಟ ಓಡಾಡುವ ಉತ್ಸಾಹಿಯನ್ನೂ ಇಂಗ್ಲಿಷಿನಲ್ಲಿ ಲೈವ್ ವೈರ್ ಎನ್ನುತ್ತಾರೆ, ಅದು ಹೊಗಳಿಕೆ.

ಮನೆಯ ನಕ್ಷೆಯಲ್ಲಿ ‘ಲೈವ್ ಲೋಡ್’, ಪತ್ರಿಕೆಯಲ್ಲಿ ಜಲಾಶಯದ ‘ಲೈವ್ ಸ್ಟೋರೇಜ್’. ಇಲ್ಲಿ ಜೀವ ಎಲ್ಲಿಂದ ಬಂತು? (ಸೊರಬ)

ಎರಡಕ್ಕೂ ಎದುರುಪದ ‘ಡೆಡ್’. ಗೋಡೆ, ತಾರಸಿ, ತೊಲೆಗಳ ಸ್ವಂತ ಭಾರ ಡೆಡ್ ಲೋಡ್; ಅದು ಬದಲಾಗುವುದಿಲ್ಲ. ಜನ, ಪೀಠೋಪಕರಣ, ಮೂಟೆ ಹೀಗೆ ಬಂದು ಹೋಗುವ ಭಾರ ಲೈವ್ ಲೋಡ್. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಎಂದು ಲೆಕ್ಕ ಹಿಡಿಯುತ್ತಾರೆ. ಈಗ ಅಡಿಕೆಯ ಮೂಟೆ 60 ಕಿಲೋ ಎಂದುಕೊಳ್ಳಿ. ಮಲಗಿಸಿದ ಮೂಟೆ ಅರ್ಧ ಚದರ ಮೀಟರ್ ಜಾಗ ಹಿಡಿದರೆ, ಐದು ಮೂಟೆ ಒಂದರ ಮೇಲೊಂದು ಪೇರಿಸಿದಾಗ ಚದರ ಮೀಟರಿಗೆ 600 ಕಿಲೋ, ಅಂದರೆ ಮೂರು ಪಟ್ಟು. ಮಹಡಿಯಲ್ಲಿ ಅಡಿಕೆ ಇಡುವ ಯೋಚನೆ ಇದ್ದರೆ ಸ್ಲ್ಯಾಬ್ ಹಾಕುವ ಮೊದಲೇ ಎಂಜಿನಿಯರ್‌ಗೆ ಹೇಳಿ. ಬಿರುಕು ಬಿಟ್ಟ ಮೇಲೆ ಹೇಳಿ ಪ್ರಯೋಜನವಿಲ್ಲ.

ಜಲಾಶಯದಲ್ಲಿ ತೂಬಿಗಿಂತ ಕೆಳಗೆ ಉಳಿದು, ಹರಿಸಲು ಬಾರದ ನೀರು ಡೆಡ್ ಸ್ಟೋರೇಜ್. ಅದರ ಮೇಲಿನದು ಲೈವ್. ಭದ್ರಾ ತುಂಬಿದರೆ ಸುಮಾರು 71.5 ಟಿಎಂಸಿ, ಆದರೆ ನಾಲೆಗೆ ಸಿಗುವ ಲೈವ್ ಸುಮಾರು 63. ಬೇಸಿಗೆ ಬೆಳೆಯ ಲೆಕ್ಕ ಹಾಕುವ ರೈತರು ನೋಡಬೇಕಾದದ್ದು ಎರಡನೆಯ ಅಂಕಿ.

‘ಅಲೈವ್ ಫಿಶ್’ ಎಂದು ಬೋರ್ಡ್ ಬರೆಸಬಹುದೇ? ಪಿಂಚಣಿಗೆ ಕೊಡುವುದು ‘ಲೈವ್ ಸರ್ಟಿಫಿಕೇಟ್’ ತಾನೆ? (ರಿಪ್ಪನ್‌ಪೇಟೆ)

ಎರಡೂ ಇಲ್ಲ. ಅಲೈವ್ ನಾಮಪದದ ಮುಂದೆ ನಿಲ್ಲುವುದಿಲ್ಲ. ‘ದಿ ಫಿಶ್ ಈಸ್ ಅಲೈವ್’ ಸರಿ. ಬೋರ್ಡಿಗೆ ‘ಲೈವ್ ಫಿಶ್’. ಪಿಂಚಣಿಯದು ಲೈಫ್ ಸರ್ಟಿಫಿಕೇಟ್, ಎಫ್ ಅಕ್ಷರದ್ದು. ಕೇಂದ್ರ ಸರ್ಕಾರದ ಪಿಂಚಣಿದಾರರು ಅದನ್ನು ಪ್ರತಿ ನವೆಂಬರಿನಲ್ಲಿ ಕೊಡಬೇಕು. 80 ತುಂಬಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಆಧಾರ್ ಮೂಲಕ ಡಿಜಿಟಲ್ ಆಗಿಯೂ ಸಲ್ಲಿಸಬಹುದು. ಬೆರಳಚ್ಚು ಮಾಸಿದ ಹಿರಿಯರು ಮುಖ ಗುರುತಿಸುವ ಸೌಲಭ್ಯವನ್ನು ಕೇಳಿ ಪಡೆಯಿರಿ.