ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಾಲ್ಯದ ಆಘಾತ ಮತ್ತು ವ್ಯಸನದ ಸಂಶೋಧನೆ

ಪ್ರಶ್ನೆ: ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಬಾಲ್ಯದ ಆಘಾತಕ್ಕೂ ಕುಡಿತ, ಮಾದಕವ್ಯಸನಕ್ಕೂ ಇರುವ ನಂಟಿನ ಬಗ್ಗೆ ಸಂಶೋಧನೆ ಮಾಡುವ ಆಸೆ. ಪಿಎಚ್‌.ಡಿ.ಗೆ ಮುನ್ನ ಏನು ಕಲಿತಿರಬೇಕು?

ಉತ್ತರ: ನಂಟು ಇದೆಯೇ ಎಂದು ಕೇಳುವ ಕಾಲ ದಾಟಿ ಬಹಳ ವರ್ಷವಾಯಿತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 9,508 ಮಂದಿಯ ಉತ್ತರಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಹಿ ಅನುಭವ ಕಂಡವರಿಗೆ ಮದ್ಯವ್ಯಸನ, ಮಾದಕವಸ್ತು ಬಳಕೆ, ಖಿನ್ನತೆ, ಆತ್ಮಹತ್ಯಾ ಯತ್ನದ ಅಪಾಯ, ಒಂದೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಇನ್ನು ತಿಳಿಯಬೇಕಿರುವುದು ಯಾವ ವಯಸ್ಸಿನ ಪೆಟ್ಟು, ಯಾವ ದಾರಿ ಹಿಡಿದು, ಯಾರನ್ನು ವ್ಯಸನಕ್ಕೆ ಒಯ್ಯುತ್ತದೆ, ಯಾರನ್ನು ಬಿಡುತ್ತದೆ ಎಂಬುದು. ಹಾಗಾಗಿ ಹೌದು-ಇಲ್ಲ ಎಂದು ಗುರುತು ಹಾಕಿಕೊಂಡರೆ ಸಾಲದು. ಪ್ರತಿ ಘಟನೆ ಯಾವ ವಯಸ್ಸಿನಲ್ಲಿ ಶುರುವಾಯಿತು, ಮೊದಲ ಸಲ ಕುಡಿದದ್ದು ಯಾವಾಗ, ಹಿಡಿತ ತಪ್ಪಿದ್ದು ಯಾವಾಗ, ಇವು ಮೂರನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಯಾವುದು ಮೊದಲು ಎಂದು ತಿಳಿಯದಿದ್ದರೆ ಕಾರಣದ ಮಾತೇ ಎತ್ತುವಂತಿಲ್ಲ.

ಪ್ರಶ್ನಾವಳಿಗಳನ್ನು ಕೈಯಾರೆ ಅಂಕ ಹಾಕಿ ಕಲಿಯಿರಿ. ಬಾಲ್ಯದ ಆಘಾತವನ್ನು ಅಳೆಯಲು ಬಹಳವಾಗಿ ಬಳಕೆಯಲ್ಲಿರುವ ಸಿಟಿಕ್ಯೂ (ಚೈಲ್ಡ್‌ಹುಡ್ ಟ್ರಾಮಾ ಕ್ವೆಶ್ಚನೇರ್) ಎಂಬ ಪ್ರಶ್ನಾವಳಿಯಲ್ಲಿ 28 ಪ್ರಶ್ನೆಗಳಿವೆ, ಪ್ರತಿ ಉತ್ತರಕ್ಕೆ 1ರಿಂದ 5 ಅಂಕ. 25 ಪ್ರಶ್ನೆಗಳು ಐದು ಬಗೆಯ ದೌರ್ಜನ್ಯ ಮತ್ತು ನಿರ್ಲಕ್ಷ್ಯವನ್ನು ಅಳೆಯುತ್ತವೆ, ಉಳಿದ ಮೂರು ಬಾಲ್ಯವನ್ನು ಅತಿಯಾಗಿ ಚೆಂದಗೊಳಿಸಿ ಹೇಳುವವರನ್ನು ಗುರುತಿಸಲು. ಆ 25ರಲ್ಲಿ ಏಳಕ್ಕೆ ಅಂಕವನ್ನು ತಿರುಗಿಸಿ ಹಾಕಬೇಕು, ಅಂದರೆ 5 ಬಂದಲ್ಲಿ 1. ಭಾವನಾತ್ಮಕ ನಿರ್ಲಕ್ಷ್ಯದ ಐದೂ ಪ್ರಶ್ನೆಗಳು ಅಕ್ಕರೆ ಸಿಕ್ಕಿತೇ ಎಂದು ಕೇಳುವ ಈ ಬಗೆಯವೇ. ಇದನ್ನು ಮರೆತರೆ ಅಕ್ಕರೆಯಲ್ಲಿ ಬೆಳೆದವನಿಗೆ 25ಕ್ಕೆ 25 ನಿರ್ಲಕ್ಷ್ಯದ ಅಂಕ ಬೀಳುತ್ತದೆ! ವಿಶ್ಲೇಷಣೆ ಮುಗಿದ ಮೇಲೆ ಈ ತಪ್ಪು ಹಿಡಿಯುವುದು ಬಲು ಕಷ್ಟ.

ಕುಡಿತದ ಲೆಕ್ಕಕ್ಕೆ ಕ್ಯಾಲೆಂಡರ್ ವಿಧಾನ ಒಳ್ಳೆಯದು. ಕಳೆದ 90 ದಿನಗಳ ಹಾಳೆಯನ್ನು ಇಬ್ಬರ ನಡುವೆ ಇಟ್ಟುಕೊಂಡು, ಮೊದಲು ಹಬ್ಬ, ಸಂಬಳದ ದಿನ, ಆಸ್ಪತ್ರೆಯಲ್ಲಿದ್ದ ದಿನಗಳನ್ನು ಗುರುತು ಮಾಡಿ. ಆಮೇಲೆ ಒಂದು ಹನಿಯೂ ಮುಟ್ಟದ ದಿನಗಳು, ಕೊನೆಗೆ ಪ್ರಮಾಣ. ‘ಒಂದು ಗ್ಲಾಸ್’ ಎಂದು ಹೇಳಿದ್ದನ್ನು ಹಾಗೇ ಬರೆಯಬೇಡಿ, ಗ್ಲಾಸಿನ ಅಳತೆ ಕೇಳಿ. ಶೇ. 5ರ 500 ಮಿ.ಲೀ. ಬಿಯರ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ರಿಗ್ರೆಷನ್ (ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕುವ ವಿಧಾನ) ಮತ್ತು ಬಿಟ್ಟುಹೋದ ಉತ್ತರಗಳನ್ನು ನಿಭಾಯಿಸುವ ವಿಧಾನ ಚೆನ್ನಾಗಿ ಬರಲೇಬೇಕು. ಮೊದಲ ಪ್ರಬಂಧವನ್ನು ಈಗಾಗಲೇ ಸಂಗ್ರಹವಾದ ದತ್ತಾಂಶದಿಂದ ಬರೆಯುವುದು ಜಾಣತನ.

ಪ್ರಶ್ನೆ: ದೊಡ್ಡವರಾದ ಮೇಲೆ ಬಾಲ್ಯದ ನೆನಪು ಕೇಳಿದರೆ ಅದನ್ನು ನಂಬಬಹುದೇ?

ಉತ್ತರ: ಜನ ಸುಳ್ಳು ಹೇಳುತ್ತಾರೆ ಎಂಬ ಅನುಮಾನದಿಂದ ಶುರು ಮಾಡಬೇಡಿ. ಆದರೆ ನೆನಪು ಮತ್ತು ದಾಖಲೆ ಎರಡು ಬೇರೆ ಅಳತೆಗಳು. 2019ರಲ್ಲಿ ಜೆಸ್ಸಿ ಬಾಲ್ಡ್‌ವಿನ್ ಮತ್ತು ಸಂಗಡಿಗರು 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಲ್ಯದಲ್ಲೇ ದೌರ್ಜನ್ಯ ದಾಖಲಾಗಿದ್ದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ದೊಡ್ಡವರಾದ ಮೇಲೆ ಅದನ್ನು ಹೇಳಿರಲಿಲ್ಲ. ನೆನಪಿನಿಂದ ಹೇಳಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಾಖಲೆ ಇರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆದದ್ದು ಕಡತಕ್ಕೆ ಹೇಗೆ ಬಂದೀತು? ಎರಡೂ ಸಿಗುವಲ್ಲಿ ಎರಡನ್ನೂ ಬಳಸಿ, ಒಂದೇ ಸಿಕ್ಕರೆ ಅದು ಯಾವುದೆಂದು ಪ್ರಬಂಧದ ಶೀರ್ಷಿಕೆಯ ಕೆಳಗೇ ಹೇಳಿ.

ಅಪ್ಪ-ಅಮ್ಮನ ಕುಡಿತ ಇನ್ನೊಂದು ತೊಡಕು. ಅದು ಮಗುವಿಗೆ ಒಡೆದ ಮನೆಯನ್ನೂ ಕೊಡುತ್ತದೆ, ವಂಶವಾಹಿಗಳನ್ನೂ ಕೊಡುತ್ತದೆ. ಒಬ್ಬರಿಗೆ ಆಘಾತವಾಗಿ ಇನ್ನೊಬ್ಬರಿಗೆ ಆಗದ ಅವಳಿಗಳನ್ನು ಹೋಲಿಸುವುದು ಇದನ್ನು ಬಿಡಿಸುವ ಒಂದು ದಾರಿ. ಇನ್ನು ಆಘಾತದ ಅಂಕವನ್ನು ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸುವುದು ತಪ್ಪೇ ತಪ್ಪು. 1998ರ ಅಧ್ಯಯನ ನಡೆಸಿದ ಆಂಡಾ ಅವರೇ 2020ರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದಾರೆ.

ಪ್ರಶ್ನೆ: ಇಂಥ ಪ್ರಶ್ನೆ ಕೇಳಿ ಎದುರಿನವರಿಗೆ ನೋವಾದರೆ?

ಉತ್ತರ: ಆಗಬಹುದು, ಅದಕ್ಕೆ ಮೊದಲೇ ಅಣಿಯಾಗಿರಬೇಕು. ಎದುರಿನವರು ನಶೆಯಲ್ಲಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಡಿ, ಇನ್ನೊಂದು ದಿನ ಕರೆಯಿರಿ. ಈಗಲೂ ಒಂದು ಮಗು ಅಪಾಯದಲ್ಲಿದೆ ಎಂದು ತಿಳಿದರೆ ಗುಟ್ಟು ಕಾಯಲಾಗದು ಎಂಬುದನ್ನು, ಆಯಾ ದೇಶದ ಕಾನೂನಿನಂತೆ, ಸಹಿಗೆ ಮುಂಚೆಯೇ ಬಾಯಿಬಿಟ್ಟು ಹೇಳಿ. ಆಘಾತದ ಪ್ರಶ್ನೆಗಳು ಸಂದರ್ಶನದ ನಡುವೆ ಬರಲಿ. ಕೊನೆಗಿಟ್ಟರೆ ಅವರು ಅದನ್ನೇ ಹೊತ್ತು ಹೊರನಡೆಯುತ್ತಾರೆ, ಆ ರಾತ್ರಿ ಮತ್ತೆ ಕುಡಿಯುವ ಭಯವೂ ಇದೆ. ಕೊನೆಯ ಹತ್ತು ನಿಮಿಷ ಮುಂದಿನ ವಾರದ ಕೆಲಸ, ಊಟ, ನಿದ್ದೆಯ ಮಾತಾಡಿ. ಆಪ್ತಸಮಾಲೋಚಕರೊಬ್ಬರು ಅದೇ ಕಟ್ಟಡದಲ್ಲಿರಲಿ.

ಸಂದರ್ಶಕರ ಮನಸ್ಸೂ ಸವೆಯುತ್ತದೆ. ದಿನಕ್ಕೆ ಎರಡೇ ಸಂದರ್ಶನ, ವಾರಕ್ಕೊಮ್ಮೆ ಮೇಲ್ವಿಚಾರಕರೊಡನೆ ಕೂತು ಮಾತು, ಇವಕ್ಕೆ ಯೋಜನೆಯ ಬಜೆಟ್ಟಿನಲ್ಲೇ ಸಮಯ ಮತ್ತು ಹಣ ತೆಗೆದಿಡಿ.