ತಲೆಗೆ ಪೆಟ್ಟು ಬಿದ್ದ ಮೇಲಿನ ನಿತ್ರಾಣ

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ವರ್ಷದ ಹಿಂದೆ ಹಿರಿಯೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು, ಎರಡು ದಿನ ಪ್ರಜ್ಞೆ ತಪ್ಪಿತ್ತು. ಈಗ ಸ್ಕ್ಯಾನ್ ಸರಿಯಿದೆ, ಥೈರಾಯ್ಡ್ ಕೂಡ ನಾರ್ಮಲ್ ಎಂದಿದ್ದಾರೆ. ಆದರೂ ಶೇಂಗಾ ಹೊಲಕ್ಕೆ ಹೋದರೆ ಅರ್ಧ ಗಂಟೆಯಲ್ಲೇ ಬದುವಿನ ಮೇಲೆ ಕೂತುಬಿಡುತ್ತಾರೆ. ದಿನವೂ ಗಡ್ಡ ಹೆರೆಯುತ್ತಿದ್ದವರಿಗೆ ಈಗ ವಾರಕ್ಕೊಮ್ಮೆ ಸಾಕು, ದಾಂಪತ್ಯದಲ್ಲೂ ಆಸಕ್ತಿಯಿಲ್ಲ. ಮನೆಯವರು ಮೈಗಳ್ಳತನ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ಅಮ್ಮಾ, ನೀವು ಬರೆದ ಗಡ್ಡದ ಮಾತು ಬಹಳ ಮುಖ್ಯವಾದದ್ದು. ಗಡ್ಡದ ಬೆಳವಣಿಗೆ ಕುಗ್ಗಿ, ಆಸಕ್ತಿಯೂ ಇಳಿದಿದ್ದರೆ ಟೆಸ್ಟೊಸ್ಟಿರಾನ್ ಎಂಬ ಗಂಡಸರ ಹಾರ್ಮೋನು ಕಡಿಮೆಯಾಗಿರಬಹುದು. ಇದನ್ನು ಮೈಗಳ್ಳತನ ಎನ್ನುವುದು ಅನ್ಯಾಯ.

ಮಿದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿಯು ತೆಳುವಾದ ತೊಟ್ಟಿನಿಂದ ಜೋತುಬಿದ್ದಿರುತ್ತದೆ. ಟೆಸ್ಟೊಸ್ಟಿರಾನ್, ಥೈರಾಯ್ಡ್‌ನಂಥ ಹಾರ್ಮೋನುಗಳು ಹುಟ್ಟಲು ಅಪ್ಪಣೆ ಕೊಡುವುದೇ ಈ ಗ್ರಂಥಿ. ತಲೆ ರಭಸದಿಂದ ಅಲುಗಿದಾಗ ಆ ತೊಟ್ಟಿನೊಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಧಕ್ಕೆಯಾಗಿ, ಗ್ರಂಥಿಯ ಕೆಲಸ ಕುಂಠಿತವಾಗಬಹುದು. ಇದು ಸ್ಕ್ಯಾನಿನಲ್ಲಿ ಕಾಣಲೇಬೇಕೆಂದಿಲ್ಲ. ಅಪಘಾತದ ನಂತರದ ದಣಿವಿಗೆ ಖಿನ್ನತೆ, ನಿದ್ರೆಯ ತೊಂದರೆಯಂಥ ಬೇರೆ ಕಾರಣಗಳೂ ಉಂಟು.

ಥೈರಾಯ್ಡ್ ವರದಿಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು) ಒಂದೇ ಇದ್ದರೆ ಸಾಲದು. ಟಿಎಸ್‌ಎಚ್ ಹುಟ್ಟುವುದೇ ಪಿಟ್ಯುಟರಿಯಲ್ಲಾದ್ದರಿಂದ, ಪೆಟ್ಟು ತಿಂದ ಗ್ರಂಥಿಯನ್ನೇ ಸಾಕ್ಷಿಗೆ ಕರೆದಂತಾಗುತ್ತದೆ. ಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಕೂಡ ಮಾಡಿಸಲೇಬೇಕು. ಜೊತೆಗೆ ಬೆಳಗ್ಗೆ 8ರಿಂದ 9 ಗಂಟೆಯೊಳಗೆ ರಕ್ತ ಕೊಟ್ಟು ಕಾರ್ಟಿಸಾಲ್ (ಕಾಯಿಲೆ, ಒತ್ತಡಗಳನ್ನು ತಾಳಿಕೊಳ್ಳಲು ದೇಹಕ್ಕೆ ಬೇಕಾದ ಹಾರ್ಮೋನು) ಮತ್ತು ಟೆಸ್ಟೊಸ್ಟಿರಾನ್, ಹಾಗೆಯೇ ಪಿಟ್ಯುಟರಿಯ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಜೊತೆಗೆ ರಕ್ತದ ಸೋಡಿಯಂ ನೋಡಿಸಿ. ಬೆಳವಣಿಗೆಯ ಹಾರ್ಮೋನಿನ ಪರೀಕ್ಷೆ ಬೇಕೇ ಎಂಬುದನ್ನು ತಜ್ಞರು ಆಮೇಲೆ ನಿರ್ಧರಿಸುತ್ತಾರೆ.

ನನಗೆ ಹೆಚ್ಚು ಆತಂಕವಿರುವುದು ಕಾರ್ಟಿಸಾಲ್ ವಿಷಯದಲ್ಲಿ. ಅದು ಕಡಿಮೆಯಿದ್ದರೆ ಮೊದಲು ಅದಕ್ಕೇ ಔಷಧಿ ಶುರುವಾಗಬೇಕು. ಅದನ್ನು ಬಿಟ್ಟು ಥೈರಾಯ್ಡ್ ಮಾತ್ರೆ ಆರಂಭಿಸಿದರೆ ಪ್ರಾಣಾಪಾಯವಾಗಬಹುದು. ಜ್ವರ ಬಂದಾಗ ವಿಪರೀತ ವಾಂತಿ, ತಲೆಸುತ್ತು, ಮಂಪರು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ತಲೆಗೆ ಪೆಟ್ಟು ಬಿದ್ದಿದ್ದನ್ನು ಮೊದಲೇ ಹೇಳಿ.

ದಾವಣಗೆರೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರ ಮೆಡಿಸಿನ್ ವಿಭಾಗದಲ್ಲಿ ತೋರಿಸಿ, ಹಾರ್ಮೋನ್ ತಜ್ಞರ ಸಲಹೆ ಕೇಳಿ. ಹೋಗುವಾಗ ಅಪಘಾತದ ಡಿಸ್ಚಾರ್ಜ್ ಸಮ್ಮರಿ ಒಯ್ಯುವುದನ್ನು ಮರೆಯಬೇಡಿ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ದಿನಕ್ಕೆ ಎಷ್ಟು ಚೊಂಬು ನೀರು ಕುಡಿಯುತ್ತಾರೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಿರಿ; ಪಿಟ್ಯುಟರಿಗೆ ಪೆಟ್ಟಾದಾಗ ಇವೂ ಹೆಚ್ಚಾಗಬಹುದು.