ಎರಡೇ ಹಾಡಿದ್ದರೂ ಅದು ಇಪಿಯೇ?

ಪ್ರಶ್ನೆ: ಜಪಾನಿನಲ್ಲಿ ತಯಾರಾದ ಹಳೆಯ ‘ಇಪಿ’ ಗ್ರಾಮಫೋನ್ ತಟ್ಟೆಯೊಂದನ್ನು ತರಿಸಿಕೊಂಡೆ. ನಾಲ್ಕು ಹಾಡುಗಳಿರುತ್ತವೆ ಎಂದುಕೊಂಡಿದ್ದೆ. ಬಂದದ್ದು ಎರಡೇ ಹಾಡಿನ ತಟ್ಟೆ. ಮಾರಿದವರು ‘ಇಪಿ ಎಂದರೆ ಇದೇ’ ಎನ್ನುತ್ತಾರೆ. ನಾನು ಮೋಸಹೋದೆನೇ?

ಉತ್ತರ: ಇಲ್ಲ. ಮಾರಿದವರು ಜಪಾನಿನ ಅರ್ಥದಲ್ಲಿ ಹೇಳಿದ್ದಾರೆ, ನೀವು ಬ್ರಿಟನ್ನಿನ ಅರ್ಥದಲ್ಲಿ ಕೇಳಿಸಿಕೊಂಡಿದ್ದೀರಿ.

ಇಪಿ ಎಂದರೆ ‘ಎಕ್ಸ್‌ಟೆಂಡೆಡ್ ಪ್ಲೇ’, ಹಿಗ್ಗಿಸಿದ ಅವಧಿ. ಯಾವುದಕ್ಕಿಂತ ಹಿಗ್ಗಿಸಿದ್ದು ಎಂಬುದನ್ನು ಹೆಸರು ಹೇಳುವುದಿಲ್ಲ. ಗೊಂದಲದ ಬೇರು ಅಲ್ಲಿದೆ. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ, 12 ಅಂಗುಲದ ಎಲ್‌ಪಿಯನ್ನು (‘ಲಾಂಗ್ ಪ್ಲೇ’, ದೀರ್ಘ ಅವಧಿಯ ತಟ್ಟೆ) ತಂದಿತು. ಮರುವರ್ಷವೇ ಪ್ರತಿಸ್ಪರ್ಧಿ ಆರ್‌ಸಿಎ ವಿಕ್ಟರ್ 45 ಸುತ್ತಿನ, 7 ಅಂಗುಲದ ತಟ್ಟೆಯನ್ನು ಹೊರತಂದಿತು, ಬದಿಗೊಂದು ಹಾಡು. 1950ರ ದಶಕದ ಆರಂಭದಲ್ಲಿ ಅದೇ ಗಾತ್ರದಲ್ಲಿ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ಬದಿಗೆರಡು ಹಾಡು ತುಂಬಿದರು. ಇಪಿ ಹುಟ್ಟಿದ್ದು ಹಾಗೆ.

ಬ್ರಿಟನ್ನಿನಲ್ಲಿ ಇದು ಎಷ್ಟು ಬೇರೂರಿತೆಂದರೆ 1960ರ ದಶಕದಲ್ಲಿ ಇಪಿಗಳಿಗೇ ಪ್ರತ್ಯೇಕ ಜನಪ್ರಿಯತೆಯ ಪಟ್ಟಿ ಇತ್ತು. ಆ ದಶಕದ ಮೊದಲ ವರ್ಷಗಳ ಫ್ರಾನ್ಸಿನಲ್ಲಂತೂ ನಾಲ್ಕು ಹಾಡಿನ ತಟ್ಟೆಯೇ ರೂಢಿ. ಎರಡು ಹಾಡಿನದು ಹೆಚ್ಚಾಗಿ ಜ್ಯೂಕ್‌ಬಾಕ್ಸ್‌ಗಳಿಗೆ, ಅಂದರೆ ನಾಣ್ಯ ಹಾಕಿದರೆ ಹಾಡು ನುಡಿಸುವ ಯಂತ್ರಗಳಿಗೆ, ಹೋಗುತ್ತಿತ್ತು. ಜಪಾನೀಯರು ಮಾತ್ರ ಹಾಡುಗಳ ಲೆಕ್ಕಕ್ಕೆ ಹೋಗಲೇ ಇಲ್ಲ. ದೊಡ್ಡದು ಎಲ್‌ಪಿ, 45 ಸುತ್ತಿನ ಚಿಕ್ಕದು ಇಪಿ, ಅಷ್ಟೇ. ನಾಲ್ಕು ಹಾಡು ಹಿಡಿಸುವ 33⅓ ಸುತ್ತಿನ ಚಿಕ್ಕ ತಟ್ಟೆಗೆ ಅವರು ‘ಕಾಂಪ್ಯಾಕ್ಟ್’ ಎಂದು ಬೇರೆಯೇ ಹೆಸರಿಟ್ಟರು. ನನಗೆ ಇದು ಬ್ರಿಟಿಷರ ಬಳಕೆಗಿಂತ ಅಚ್ಚುಕಟ್ಟಾಗಿ ಕಾಣುತ್ತದೆ.

ತಟ್ಟೆಯೇ ಇಲ್ಲದೆ ಹಾಡು ಕೇಳುವಾಗ ಗಾತ್ರ, ವೇಗಗಳ ಮಾತೇ ಇಲ್ಲ. ಆನ್‌ಲೈನ್ ಸಂಗೀತ ಸೇವೆಗಳಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ಹಾಡುಗಳಿದ್ದು, ಒಟ್ಟು 30 ನಿಮಿಷದೊಳಗಿದ್ದರೆ ಇಪಿ. ಅದಕ್ಕಿಂತ ದೊಡ್ಡದು ಆಲ್ಬಂ. ಅಂದ ಹಾಗೆ, ಆಲ್ಬಂ ಎಂದರೂ ಮೊದಲು ಹಾಡುಗಳ ಗುಚ್ಛವಲ್ಲ. ಎಲ್‌ಪಿಗೂ ಮುಂಚಿನ 78 ಸುತ್ತಿನ ತಟ್ಟೆಯ ಒಂದು ಬದಿಗೆ ಮೂರು-ನಾಲ್ಕು ನಿಮಿಷ ಹಿಡಿಸಿದರೆ ಹೆಚ್ಚು. ದೀರ್ಘ ಕೃತಿಗೆ ಹಲವು ತಟ್ಟೆ ಬೇಕಾಗುತ್ತಿದ್ದವು. ಅವುಗಳನ್ನು ಲಕೋಟೆಯಂಥ ಪುಟಗಳಲ್ಲಿ ಜೋಡಿಸಿಡುತ್ತಿದ್ದ, ಫೋಟೊ ಆಲ್ಬಂನಂಥದೇ ದಪ್ಪ ಪುಸ್ತಕಕ್ಕೆ ಆ ಹೆಸರಿತ್ತು. ಪುಸ್ತಕ ಹೋಯಿತು, ಹೆಸರು ಉಳಿಯಿತು.

ಮುಂದಿನ ಸಲ ‘ಇಪಿಯೇ?’ ಎಂದು ಕೇಳಬೇಡಿ. ಎಷ್ಟು ಅಂಗುಲ, ಎಷ್ಟು ಸುತ್ತು, ಎಷ್ಟು ಹಾಡು ಎಂದು ಕೇಳಿ. ಈಗ ಬಂದಿರುವ ತಟ್ಟೆಯ ನಡುವಿನ ತೂತು ದೊಡ್ಡದಿದ್ದರೆ, ನುಡಿಸುವ ಮೊದಲು ಅದಕ್ಕೆ ಕೂರುವ ಅಡಾಪ್ಟರ್ ಒಂದನ್ನು ತಂದುಕೊಳ್ಳಿ.